ತಾರೀಖು ನೋಡುವ ಗಂಡ, ಮೂಸಿ ನೋಡುವ ಅತ್ತೆ

ನಮ್ಮ ಮನೆಯ ಫ್ರಿಜ್ಜಿನ ಬಾಗಿಲು ತೆರೆದರೆ ಮೊದಲು ದೀಪ ಹತ್ತುತ್ತದೆ, ಆಮೇಲೆ ಜಗಳ ಹತ್ತುತ್ತದೆ. ದೀಪವಾದರೂ ಕೆಲವು ದಿನ ಕೆಟ್ಟಿರುತ್ತದೆ. ಜಗಳ ಇಲ್ಲಿಯವರೆಗೆ ಒಂದು ದಿನವೂ ಕೆಟ್ಟಿಲ್ಲ.

ಬಸವಕಲ್ಯಾಣದಲ್ಲಿ ನಮ್ಮದು ಸಣ್ಣ ಸಂಸಾರ. ಗಂಡ, ಅತ್ತೆ, ಈಗಷ್ಟೇ ನರ್ಸರಿಗೆ ಹೋಗತೊಡಗಿದ ಮಗಳು, ಮತ್ತೆ ನಾನು. ಗಂಡ ಔಷಧದ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಗುಳಿಗೆ ಪಟ್ಟಿಯನ್ನೂ ಸಿರಪ್ಪಿನ ಬಾಟಲಿಯನ್ನೂ ತಿರುಗಿಸಿ ತಿರುಗಿಸಿ ತಾರೀಖು ನೋಡುವುದೇ ದಿನವಿಡೀ ಅವರ ಕೆಲಸ. ಆ ಚಟ ಅವರ ಹಿಂದೆಯೇ ಮನೆಗೂ ಬಂದಿದೆ. ತಾರೀಖು ದಾಟಿತೆಂದರೆ ಅವರಿಗೆ ಹಾಲೂ ವಿಷ, ತುಪ್ಪವೂ ವಿಷ.

ಅತ್ತೆ ನಿರ್ಣಾ ಎಂಬ ಹಳ್ಳಿಯವರು. ಎಮ್ಮೆಗಳ ನಡುವೆ ಬೆಳೆದವರು. ಓದು ಬರುವುದಿಲ್ಲ. ಆದರೆ ಹಾಲಿನ ಪಾತ್ರೆಯನ್ನು ಮೂಗಿನ ಹತ್ತಿರ ಹಿಡಿದರೆ ಸಾಕು, ಅದು ಬೆಳಗಿನದೋ ಸಂಜೆಯದೋ ಹೇಳುತ್ತಾರೆ. ಬಿಟ್ಟರೆ ಎಮ್ಮೆ ಏನು ಮೇದಿತ್ತು ಎಂಬುದನ್ನೂ ಹೇಳುತ್ತಾರೆ. ಗಂಡನಿಗೆ ಆ ಭಾಗ್ಯವಿಲ್ಲ. ಊರಿಗೆಲ್ಲ ನೆಗಡಿ ಗುಳಿಗೆ ಕೊಡುವ ಮನುಷ್ಯನ ಮೂಗು ವರ್ಷವಿಡೀ ಕಟ್ಟಿರುತ್ತದೆ. ಹೀಗಾಗಿ ಒಬ್ಬರಿಗೆ ಓದಲು ಬರುವುದಿಲ್ಲ, ಇನ್ನೊಬ್ಬರಿಗೆ ಮೂಸಲು ಬರುವುದಿಲ್ಲ. ಹತ್ತನೇ ತರಗತಿಯವರೆಗೆ ಓದಿದ ನನಗೆ ಎರಡೂ ಬರುತ್ತವೆ. ಅದಕ್ಕೇ ನನ್ನನ್ನು ಯಾರೂ ಕೇಳುವುದಿಲ್ಲ.

ಮೊಸರಿನ ವಯಸ್ಸು

ಒಂದು ಮಧ್ಯಾಹ್ನ ಊಟಕ್ಕೆ ಕುಳಿತ ಗಂಡ ಮೊಸರಿನ ಪಾತ್ರೆಯ ಕಡೆ ಬೆರಳು ತೋರಿಸಿ ಕೇಳಿದರು.

"ಅವ್ವಾ, ಇದು ಯಾವಾಗಿಂದು?"

"ನಿನ್ನಿ ರಾತ್ರಿ ಹೆಪ್ಪು ಹಾಕೀನಿ."

"ಹೆಪ್ಪು ಯಾವಾಗಿಂದು?"

"ಮೊನ್ನಿ ಮಸರಿಂದು."

"ಅದರ ಹೆಪ್ಪು?"

"ಅದರ ಹಿಂದಿನ ದಿನದ್ದು."

ಗಂಡ ರೊಟ್ಟಿಯ ತುತ್ತನ್ನು ತಟ್ಟೆಯಲ್ಲೇ ಇಟ್ಟರು. "ಹಂಗಾರ ಮೊದಲನೇ ಹೆಪ್ಪು ಎಲ್ಲಿಂದ ಬಂತು?"

"ನಾ ಲಗ್ನಾಗಿ ಬರಾಗ ನಮ್ಮವ್ವ ಗಡಿಗ್ಯಾಗ ಕಟ್ಟಿ ಕೊಟ್ಟಿದ್ಳು. ಅವತ್ತಿಂದ ಒಂದಿನಾನೂ ತಪ್ಪಿಲ್ಲ."

ಗಂಡನ ಕಣ್ಣುಗಳು ದೊಡ್ಡವಾದವು. "ಅಂದ್ರ ಈ ಮಸರು ನನಗಿಂತ ದೊಡ್ಡದು?"

"ಹೌದು ಯಪ್ಪಾ," ಎಂದು ಅತ್ತೆ ನಿಧಾನವಾಗಿ ಹೇಳಿದರು. "ಇಬ್ಬರನ್ನೂ ಹಾಲು ಹಾಕಿ ಬೆಚ್ಚಗೇ ಇಟ್ಟು ಸಾಕೀನಿ. ಮಸರು ಬರೋಬರ್ ಹೆಪ್ಪಾತು."

ಡಬ್ಬಿ ಓದಿದ್ದು

ನಮ್ಮ ಕಡೆಯ ಮನೆಗಳಲ್ಲಿ ಡಬ್ಬಿಯ ಮೇಲೆ ಬರೆದದ್ದು ಡಬ್ಬಿಯೊಳಗೆ ಇರುವುದಿಲ್ಲ. ಬಿಸ್ಕೀಟಿನ ಡಬ್ಬಿಯಲ್ಲಿ ಸೂಜಿ ದಾರ, ಮಿಠಾಯಿ ಡಬ್ಬಿಯಲ್ಲಿ ಜೀರಿಗೆ, ಹಾರ್ಲಿಕ್ಸಿನ ಬಾಟಲಿಯಲ್ಲಿ ಉಪ್ಪಿನಕಾಯಿ. ಇದು ಎಲ್ಲರಿಗೂ ಗೊತ್ತಿರುವ ಮಾತು, ನನ್ನ ಗಂಡನೊಬ್ಬರನ್ನು ಬಿಟ್ಟು.

ಅತ್ತೆ ದಿನಾ ಒಂದಿಷ್ಟು ಮಜ್ಜಿಗೆ ಕಡೆದು, ಬಂದ ಬೆಣ್ಣೆಯನ್ನು ತುಪ್ಪ ಕಾಸಲೆಂದು ಒಂದು ಡಬ್ಬಿಯಲ್ಲಿ ಕೂಡಿಸುತ್ತಿದ್ದರು. ಡಬ್ಬಿ ಮಾತ್ರ ಯಾವಾಗಲೋ ಅಂಗಡಿಯಿಂದ ತಂದ ಮೊಸರಿನದು. ತೊಳೆದು ಇಟ್ಟುಕೊಂಡಿದ್ದರು. ಒಂದು ಭಾನುವಾರ ಅತ್ತೆ ಪಕ್ಕದ ಮನೆಗೆ ಹೋದಾಗ ಗಂಡನಿಗೆ ಫ್ರಿಜ್ಜು ಸ್ವಚ್ಛ ಮಾಡುವ ಹುಕಿ ಬಂತು. ನಾನು ಹೊಲಿಗೆ ಮಷಿನ್ನಿನ ಮುಂದೆ ಕುಳಿತಿದ್ದೆ. ಅತ್ತೆ ತಿರುಗಿ ಬಂದಾಗ ಬಾಗಿಲ ಮುಂದೆ ಓಣಿಯ ಕಂದು ನಾಯಿ ಏನನ್ನೋ ಕಣ್ಣು ಮುಚ್ಚಿ ನೆಕ್ಕುತ್ತಿತ್ತು.

"ಆ ನಾಯಿ ಏನ್ ನೆಕ್ಕಾಕತ್ತದ?"

"ಖರಾಬ್ ಮಸರು ಅವ್ವಾ," ಎಂದರು ಗಂಡ. "ತಾರೀಖ ದಾಟಿ ಯಾವ ಕಾಲ ಆಗಿತ್ತೋ ಏನೋ. ನೋಡ್ತಿರು, ಸಂಜಿಕಿ ಆ ನಾಯಿ ಹೊಟ್ಟಿ ಹಿಡ್ಕೊಂಡು ಬೀಳತದ."

"ಅಯ್ಯ ನಿನ್ನ! ಅದು ನನ್ನ ಬೆಣ್ಣಿ!"

"ಡಬ್ಬಿ ಮ್ಯಾಲ ಮಸರಂತ ಬರದಿತ್ತಲ್ಲ?"

"ನಿನ್ನ ಅಂಗಿ ಮ್ಯಾಲ ಚಾಂಪಿಯನ್ ಅಂತ ಬರದದಂತ, ನಿನ್ನ ಹೆಂಡ್ತಿ ಓದಿ ಹೇಳ್ಯಾಳ. ನಾ ಏನರ ಅಂದೀನೇನು?"

ಸಂಜೆ ನಾಯಿ ಬೀಳಲಿಲ್ಲ. ಮರುದಿನ ಬೆಳಿಗ್ಗೆ ಬೀಗರನ್ನೂ ನೆಂಟರನ್ನೂ ಕರೆದುಕೊಂಡು ಬಂದು ನಮ್ಮ ಬಾಗಿಲಲ್ಲಿ ಕುಳಿತಿತ್ತು.

ನಾವು ನಕ್ಕೆವು. ಅತ್ತೆ ನಗಲಿಲ್ಲ. "ನನ್ನ ಕೈಯಾಗಿನ ಬೆಣ್ಣಿ ನಾಯಿಗಿ ಹಾಕೂ ಮನ್ಯಾಗ ನಾ ಇರಂಗಿಲ್ಲ. ನಿರ್ಣಾಕ್ಕ ನನ್ನ ತಮ್ಮಗ ಫೋನ್ ಹಚ್ಚವ್ವಾ," ಎಂದರು. ಹಚ್ಚಿ ಕೊಟ್ಟೆ. ಅವರ ತಮ್ಮ ಆ ಕಡೆಯಿಂದ, "ತೊಗರಿ ರಾಶಿ ಮುಗೀಲಿ ಅಕ್ಕಾ, ನಾನೇ ಬರತೀನಿ," ಎಂದರು. ಅಂದಿನಿಂದ ಅತ್ತೆಯ ಸೀರೆಗಳು ಒಂದೊಂದಾಗಿ ಗಂಟಿನೊಳಗೆ ಹೋಗತೊಡಗಿದವು.

ನಾನು ಮಾತ್ರ ಲೆಕ್ಕ ಹಾಕತೊಡಗಿದೆ. ಮಗಳನ್ನು ನರ್ಸರಿಯಿಂದ ಕರೆತಂದು, ಉಣಿಸಿ, ಮಲಗಿಸುವವರು ಅತ್ತೆ. ಅವರಿರುವುದಕ್ಕೇ ನನ್ನ ಮಷಿನ್ನಿನ ಗಾಲಿ ತಿರುಗುತ್ತದೆ. ಅವರು ಹೋದರೆ ಹೊಲಿಗೆ ನಿಂತಂತೆ. ಅದಕ್ಕಿಂತ ಹೆಚ್ಚಾಗಿ ನಮ್ಮ ಓಣಿಯ ಬಾಯಿ ನನಗೆ ಗೊತ್ತು. ಬೆಣ್ಣೆ ಎಸೆದದ್ದು ಮಗನಾದರೂ, ಅತ್ತೆಯನ್ನು ಎಸೆದದ್ದು ಸೊಸೆ ಎಂದೇ ಹೇಳುತ್ತಾರೆ.

ಇಂದಿನ ಪೇಡಾ

ತಾಯಿಯ ಸಿಟ್ಟು ಇಳಿಸಲು ಗಂಡ ನಮ್ಮನ್ನೆಲ್ಲ ಮಾಣಿಕನಗರದ ದೇವಸ್ಥಾನಕ್ಕೆ ಕರೆದುಕೊಂಡು ಹೋದರು. ಪಕ್ಕದ ಹುಮನಾಬಾದ ನನ್ನ ತವರು, ಹಾಗಾಗಿ ನಾನು ಎಲ್ಲರಿಗಿಂತ ಮುಂಚೆ ಚಪ್ಪಲಿ ಮೆಟ್ಟಿದೆ.

ದರ್ಶನ ಮುಗಿಸಿ ಒಂದು ಪೇಡಾ ಅಂಗಡಿಯ ಮುಂದೆ ನಿಂತೆವು. ಗಂಡ ಮಾಮೂಲಿನಂತೆ, "ಯಾವಾಗ ಮಾಡಿದ್ದು?" ಎಂದು ಕೇಳಿದರು.

"ಬೋರ್ಡ್ ನೋಡ್ರಿ ಅಣ್ಣಾರ," ಎಂದ ಅಂಗಡಿಯವ.

ಬೋರ್ಡಿನ ಮೇಲೆ 'ಇಂದಿನ ತಾಜಾ ಪೇಡಾ' ಎಂದು ಬರೆದಿತ್ತು. ಗಂಡ ಸಮಾಧಾನದಿಂದ ತಲೆಯಾಡಿಸಿದರು. ಬರೆದದ್ದಿದ್ದರೆ ಅವರಿಗೆ ಸಾಕು. ನಾನೂ ನೋಡಿದೆ. ಆಯಿಲ್ ಪೇಂಟಿನಲ್ಲಿ ಬರೆದ ಬೋರ್ಡು ಅದು. ಬಣ್ಣವೆಲ್ಲ ಬಿಸಿಲಿಗೆ ಸುಲಿದಿತ್ತು. ಅದರ ಹಿಂದೆ ಗುಬ್ಬಿ ಗೂಡು ಕಟ್ಟಿ, ಮರಿ ಮಾಡಿ, ಆ ಮರಿಗಳು ಹಾರಿ ಹೋಗಿ, ಗೂಡೂ ಹಳೆಯದಾಗಿತ್ತು.

ಅತ್ತೆ ಒಂದು ಪೇಡಾ ಎತ್ತಿ ಮೂಗಿಗೆ ಹಿಡಿದು, "ಇದು ಮೊನ್ನಿಂದು," ಎಂದು ತಿರುಗಿ ಇಟ್ಟರು.

ಅಂಗಡಿಯವ ಅವರ ಮುಖವನ್ನೊಮ್ಮೆ ನೋಡಿ, ಒಳಗೆ ಹೋಗಿ ಇನ್ನೊಂದು ತಾಟು ತಂದ. ಅತ್ತೆ ಮತ್ತೆ ಮೂಸಿದರು. "ಹಾಂ, ಇದು ಇವತ್ತಿಂದು."

ಅವನು ಕೈ ಮುಗಿದು ಸಣ್ಣ ದನಿಯಲ್ಲಿ ಹೇಳಿದ: "ಅವ್ವಾರ, ಮುಂದಿನ ಸಲ ಬಂದ್ರ ಸೀದಾ ಒಳಗ ಬರ್ರಿ. ಹೊರಗ ನಿಂತು ಹೇಳಬ್ಯಾಡ್ರಿ."

ಬಸ್ಸಿನಲ್ಲಿ ಅತ್ತೆ ಪೇಡಾ ತಿನ್ನುತ್ತಿರುವಾಗ ಗಂಡ ಮೆತ್ತಗೆ ಕೇಳಿದರು: "ಅವ್ವಾ, ಈಗ ನಿರ್ಣಾಕ್ಕ ಹೋಗಂಗಿಲ್ಲಲ್ಲ?"

"ಪೇಡಾ ತಿಂದ ಕೂಡಲೇ ಬೆಣ್ಣಿ ಮರೀತೀನಂತ ತಿಳದೀಯೇನು? ಹೋಗಾಕಿನೇ," ಎಂದರು ಅತ್ತೆ. ಆಮೇಲೆ ಕೈ ಚಾಚಿದರು. "ಆ ಪೇಡಾ ಡಬ್ಬಿ ಇತ್ತ ಕೊಡು. ಮುಚ್ಚಳ ಛಲೋ ಅದ, ತೊಳದು ಇಟ್ಕೋತೀನಿ."

ಚೀಸು

ಮಗಳ ಊಟದ ಡಬ್ಬಿಗೆಂದು ಗಂಡ ಒಮ್ಮೆ ಚೀಸು ತಂದರು. ಅತ್ತೆ ಪೊಟ್ಟಣ ಬಿಚ್ಚಿ ಮೂಸಿದವರು ಕುತ್ತಿಗೆ ಹಿಂದಕ್ಕೆ ಎಳೆದುಕೊಂಡರು.

"ಯಪ್ಪಾ, ಇದು ಖರಾಬ್ ಆಗ್ಯದ."

"ಇಲ್ಲವ್ವಾ, ತಾರೀಖ ಇನ್ನಾ ಎಷ್ಟೋ ದೂರ ಅದ!"

"ದೂರ ಇದ್ದಾಗೇ ಹಿಂಗ ನಾರತದ. ಹತ್ರ ಬಂದ್ರ ಹ್ಯಾಂಗ?"

ಇಲ್ಲಿ ಅತ್ತೆಯದೇ ತಪ್ಪು. ಚೀಸಿನ ವಾಸನೆಯೇ ಹಾಗೆ. ನಾನು ಮರೆಯಲ್ಲಿ ಒಂದು ತುಂಡು ಚಪಾತಿಯಲ್ಲಿ ಸುತ್ತಿ ತಿಂದು ನೋಡಿದೆ, ಚೆನ್ನಾಗಿಯೇ ಇತ್ತು. ಆದರೆ ಅಷ್ಟರಲ್ಲಿ ಅತ್ತೆ ಒಂದು ತುಂಡನ್ನು ಹೊರಗೆ ಆ ಕಂದು ನಾಯಿಯ ಮುಂದೆ ಹಾಕಿದ್ದರು. ನಾಯಿ ಬಂದಿತು, ಮೂಸಿತು, ನಮ್ಮ ಕಡೆ ಒಮ್ಮೆ ಬೇಸರದಿಂದ ನೋಡಿ ಹೋಯಿತು.

"ನೋಡು," ಎಂದರು ಅತ್ತೆ. "ಒಮ್ಮಿ ನನ್ನ ಬೆಣ್ಣಿ ತಿಂದ ನಾಯಿ ಅದು. ಇನ್ನ ಕಂಡದ್ದೆಲ್ಲಾ ತಿನ್ನಂಗಿಲ್ಲ."

ನಾಳೆಯ ಹಾಲು

ಒಂದು ಬೆಳಿಗ್ಗೆ ಪಾಕೀಟಿನ ಹಾಲು ಕಾಸಲು ಇಟ್ಟರೆ ಒಡೆದು ಹೋಯಿತು. ಗಂಡ ಪಾಕೀಟು ಹಿಡಿದು ಬೆಳಕಿಗೆ ಬಂದರು.

"ಒಡ್ಯಾಕ ಸಾಧ್ಯನೇ ಇಲ್ಲ. ತಾರೀಖ ನಾಳಿ ತನಕ ಅದ."

"ಹಂಗಾರ ನಾಳಿ ತನಕ ಕುಡಿ," ಎಂದರು ಅತ್ತೆ, ಒಡೆದ ಹಾಲನ್ನು ಅವರ ಮುಂದೆ ಸರಿಸಿ.

ಇನ್ನು ನನ್ನ ಬಾಯಿ ತಡೆಯಲಿಲ್ಲ. "ಆ ತಾರೀಖ ತಂಪಿನಾಗ ಇಟ್ಟರ ಮಾತ್ರರಿ. ಅಂಗಡ್ಯಾಂವ ಕರೆಂಟ್ ಉಳಸಾಕಂತ ರಾತ್ರಿ ಫ್ರಿಜ್ ಬಂದ್ ಮಾಡ್ತಾನ. ತಾರೀಖ ಹಾಕಿದವರಿಗಿ ಅದೇನ್ ಗೊತ್ತು?"

"ಖರೇ ಹೇಳಿದಿ ನೋಡು," ಎಂದು ಅತ್ತೆ ನನ್ನ ಕಡೆ ತಿರುಗಿದರು.

ಹೊಗಳಿಕೆ ಸಿಕ್ಕಿತಲ್ಲ, ನಾನು ಅಲ್ಲಿಗೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. "ಹಾಂಗೇ ಅತ್ತಿ, ಮೂಗಿಗಿ ಸಿಗಲಾರದ ಖರಾಬೂ ಇರತದರಿ. ಮಸರು ಹುಳಿ ಆದ್ರ ನಾವು ಉಣ್ಣೂಣು, ಬೂಸರು ಬಂದ್ರ ಚೆಲ್ಲೂಣು. ಕೂಸಿಗಿ ಕೊಡಾಗ ಮಾತ್ರ ತಾರೀಖಾನೂ ನೋಡಬೇಕು, ಮೂಸಿನೂ ನೋಡಬೇಕು. ಒಂದಕ್ಕ ಅನುಮಾನ ಬಂದ್ರೂ ಕೊಡಬಾರದು."

"ನೀ ಸುಮ್ಕಿರು!" ಎಂದರು ಇಬ್ಬರೂ ಒಟ್ಟಿಗೆ.

ಬೆಣ್ಣೆ ಬೀದಿಗೆ ಬಿದ್ದ ಮೇಲೆ ತಾಯಿ ಮಗ ಒಂದಾಗಿ ಆಡಿದ ಮೊದಲ ಮಾತು ಅದು.

ನಿರ್ಣಾದಿಂದ ಬಂದ ಮಾಮಾ

ತೊಗರಿ ರಾಶಿ ಮುಗಿಯಿತು. ಹೇಳಿದಂತೆಯೇ ಅತ್ತೆಯ ತಮ್ಮ ಬಂದರು. ಚಿಟಗುಪ್ಪಕ್ಕೆ ಬಂದು, ಹುಮನಾಬಾದಿನಲ್ಲಿ ಬಸ್ಸು ಬದಲಿಸಿ, ಬಗಲಲ್ಲಿ ಉಬ್ಬಿದ ಚೀಲದೊಂದಿಗೆ ನಡುಮಧ್ಯಾಹ್ನ ಬಾಗಿಲಲ್ಲಿ ನಿಂತರು.

ಅತ್ತೆ ಬೆಳಗಿನಿಂದಲೇ ಗಂಟು ಕಟ್ಟಿ ಹೊಸ್ತಿಲ ಹತ್ತಿರ ಇಟ್ಟಿದ್ದರು. ನನಗೆ ಕೊನೆಯ ಮಾತುಗಳನ್ನೂ ಹೇಳಿ ಮುಗಿಸಿದ್ದರು: ಮಗಳಿಗೆ ರಾತ್ರಿ ಮೊಸರು ಕೊಡಬೇಡ, ಬೆಳಿಗ್ಗೆ ಹಾಲು ಕುಡಿಯದಿದ್ದರೆ ಬೆಲ್ಲ ಹಾಕು.   ನಾನು ಮಾಮಾರಿಗೆ ನೀರು ತಂದು ಕೊಟ್ಟೆ.

ಮಾಮಾ ನೀರು ಕುಡಿದು, ಚೀಲಕ್ಕೆ ಕೈ ಹಾಕಿ, ಮಗಳಿಗೆಂದು ಒಂದು ಪ್ಲಾಸ್ಟಿಕ್ ಕಪ್ಪು ತೆಗೆದರು. ಅಂಗಡಿಯ ಸಿಹಿ ಮೊಸರು.

ಅತ್ತೆಯ ಹುಬ್ಬು ಮೇಲೆ ಹೋಯಿತು. "ನಿರ್ಣಾದಿಂದ ಬರಾಂವ ಮನಿ ಬೆಣ್ಣಿ ತರೂದು ಬಿಟ್ಟು ಇದನ್ನ ತಂದೀಯಲ್ಲೋ?"

"ಎಲ್ಲಿ ಬೆಣ್ಣಿ ಅಕ್ಕಾ? ಎಮ್ಮಿ ಮಾರೀವಿ."

"ಎಲ್ಲಾನೂ?"

"ಎಲ್ಲಾನೂ. ನನ್ನ ಸೊಸಿಗಿ ಸಗಣಿ ವಾಸನಿ ಆಗಿ ಬರಂಗಿಲ್ಲ. ಈಗ ಹಾಲು, ಮಸರು, ಮಜ್ಜಿಗಿ ಎಲ್ಲಾ ಪಾಕೀಟ. ಅದೂ ನಾಳಿ ತಾರೀಖ ಮುಗೀತದ ಅಂದ್ರ ಇವತ್ತೇ ಚೆಲ್ಲತಾಳ. ಯಾಕಂತ ಕೇಳಿದ್ರ, 'ಮಾವಾರ, ಅನುಮಾನಕ್ಕ ಒಂದಿನ ಬಿಡಬೇಕು' ಅಂತಾಳ."

ಅತ್ತೆ ಆ ಕಪ್ಪನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಊಟಕ್ಕೆಂದು ಅಂಗಡಿಯಿಂದ ಬಂದು ಬಾಗಿಲಲ್ಲಿ ಕಳ್ಳನಂತೆ ನಿಂತಿದ್ದ ಮಗನನ್ನು ನೋಡಿದರು. ಎಷ್ಟೋ ದಿನಗಳ ಮೇಲೆ ಅವರ ಮುಖದಲ್ಲಿ ಹೆಮ್ಮೆ ಕಂಡಿತು.

"ನನ್ನ ಮಗ ಹಾಂಗಲ್ಲಪ್ಪಾ," ಎಂದರು. "ತಾರೀಖ ಮುಗಿಯೂತನ ದಾರಿ ನೋಡ್ತಾನ."

ಗಂಟು ಎತ್ತಿಕೊಂಡು ಒಳಗೆ ಹೋದರು. ಕಪಾಟಿನ ಬಾಗಿಲ ಸದ್ದು ಕೇಳಿತು. ಸೀರೆಗಳು ತಿರುಗಿ ಒಳಗೆ ಹೋದವು. ನಾನು ರೊಟ್ಟಿಯ ಹಂಚು ಇಟ್ಟೆ.

ಮಾಮಾ ಉಂಡರು. ಗಟ್ಟಿ ಮೊಸರು ಹಾಕಿಸಿಕೊಂಡು ಕಣ್ಣು ಮುಚ್ಚಿ ಉಂಡರು. ಕಲೆಸಿದರು, ಸುರಿದರು, ಬೆರಳು ನೆಕ್ಕಿದರು, ಮತ್ತೆ ಹಾಕಿಸಿಕೊಂಡರು. ಪಾತ್ರೆಯ ತಳ ಕಂಡ ಮೇಲೆ ಕೈ ತೊಳೆದು, "ಇವತ್ತು ಜೀವ ಬಂದಂಗಾತು ಯವ್ವಾ," ಎಂದು ನನ್ನನ್ನು ಹರಸಿ, ಉಬ್ಬಿದ ಚೀಲವನ್ನು ಹತ್ತಿರ ಎಳೆದುಕೊಂಡರು. ಅಕ್ಕನ ಸಾಮಾನು ಒಯ್ಯಲು ಖಾಲಿ ಚೀಲ ತರಬೇಕಿತ್ತಲ್ಲ ಎಂದು ನನಗೆ ಆಗ ಹೊಳೆಯಿತು. ಅದರಿಂದ ಎರಡು ಧೋತರ ಹೊರಬಂದವು. ಟವೆಲ್ಲು ಬಂತು. ಹಲ್ಲಿನ ಪುಡಿ ಬಂತು. ಚಾದರ ಬಂತು. ಕೊನೆಗೆ ತಲೆದಿಂಬೂ ಬಂತು. ದಿಂಬನ್ನು ಗೋಡೆಗೆ ಇಟ್ಟು, ಕಾಲು ಚಾಚಿ, ಮಾಮಾ ಗೊರಕೆ ಹೊಡೆಯತೊಡಗಿದರು.

ಗಂಡ ಮೆಲ್ಲನೆ ಅಡುಗೆಮನೆಗೆ ಬಂದು ನನ್ನ ಕಿವಿಯಲ್ಲಿ ಕೇಳಿದರು: "ಮಾಮಾ ಎಷ್ಟ್ ದಿನ ಇರ್ತಾರಂತ?"

"ನನಗೇನ್ ಗೊತ್ತುರಿ," ಎಂದೆ. "ಅವರ ಮ್ಯಾಲ ತಾರೀಖ ಬರದಿಲ್ಲ. ಹೋಗಿ ಮೂಸಿ ನೋಡ್ರಿ."