ನಮ್ಮ ಕಾರಿನ ಹಿಂಗಾಲಿನ ಹಟ

ಬಾಮೈದನಾದವನು ಹಬ್ಬಕ್ಕೆ ಬಂದು ಉಂಡು ಹೋಗಬೇಕು, ಹೆಚ್ಚೆಂದರೆ ಅಕ್ಕನ ಕಿವಿಯಲ್ಲಿ ಒಂದೆರಡು ಚಾಡಿ ಹೇಳಬೇಕು. ಅಷ್ಟನ್ನು ನಾನು ಸಹಿಸಬಲ್ಲೆ. ಆದರೆ ನನ್ನ ಬಾಮೈದ ಜಗನ್ಮೋಹನ ನನ್ನ ಕಾರಿನ ಮೇಲೇ ಕಣ್ಣು ಹಾಕಿದ. ವಿಜಯವಾಡದ ಬೆಂಜ್ ಸರ್ಕಲ್ಲಿನಲ್ಲಿ ಅವನ ಗೆಳೆಯನದೊಂದು ಷೋರೂಮು ಇದೆಯಂತೆ. ಹಳೆಯದನ್ನು ಅಲ್ಲಿ ಕೊಟ್ಟು ಹೊಸದನ್ನು ತೆಗೆದುಕೊಳ್ಳಿ ಎಂದು ಅವನು ಫೋನಿನಲ್ಲಿ ಹೇಳಿದ್ದೂ, ಅಕ್ಕ 'ಆಗಲಿ' ಎಂದದ್ದೂ ನನಗೆ ತಿಳಿದದ್ದು ತಡವಾಗಿ. (ನಮ್ಮ ಮನೆಯ ತೀರ್ಮಾನಗಳು ನನ್ನನ್ನು ತಲುಪುವುದು ಬ್ಯಾಂಕಿನ ಸುತ್ತೋಲೆಯ ಹಾಗೆ, ಜಾರಿಗೆ ಬಂದ ಮೇಲೆ.)

ನನ್ನ ಊರು ತುಮಕೂರು. ಬ್ಯಾಂಕು ನನ್ನನ್ನು ವರ್ಗ ಮಾಡಿ ದುವ್ವಾಡದ ಶಾಖೆಯಲ್ಲಿ ಕೂರಿಸಿದೆ. ಮನೆ ವಿಶಾಖಪಟ್ಟಣದಲ್ಲಿ. ಹೆಂಡತಿ ವಿಜಯಲಕ್ಷ್ಮೀ ವಿಜಯವಾಡದಲ್ಲೇ ಹುಟ್ಟಿ ಬೆಳೆದವಳು. ಅವಳಪ್ಪ ಕನ್ನಡದವರು, ಅಮ್ಮ ತೆಲುಗಿನವರು. ಇನ್ನು ಕಾರು. ನನ್ನ ಮೊದಲ ಬಡ್ತಿಯ ಸಂತೋಷಕ್ಕೆ ಕೊಂಡ ಹಸಿರು ಬಣ್ಣದ ಪುಟ್ಟ ಕಾರು ಅದು. ಸೇವಾ ಹಿರಿತನದಲ್ಲಿ ನನ್ನ ಹೆಂಡತಿಗಿಂತ ದೊಡ್ಡದು. ಈ ಮಾತನ್ನು ನಾನು ಮನೆಯಲ್ಲಿ ಬಾಯಿಬಿಟ್ಟು ಹೇಳಿಲ್ಲ.

ಕಾರನ್ನು ಈಗ ಓಡಿಸುವವಳು ಅವಳೇ. ಕಳೆದ ವರ್ಷ ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಕಂಬ ನನ್ನ ಕಾರಿಗೆ ಬಂದು ಬಡಿಯಿತು. ಕಂಬ ಹಾಗೆಲ್ಲ ಬಂದು ಬಡಿಯುವುದಿಲ್ಲ ಎಂಬುದು ವಿಜಯಳ ವಾದ. ಅಂದೇ ಕೀಲಿಕೈ ಅವಳ ಸೆರಗಿನ ಗಂಟು ಸೇರಿತು, ನಾನು ಎಡಗಡೆಯ ಸೀಟಿಗೆ ವರ್ಗವಾದೆ.

ತೊಂದರೆ ಶುರುವಾದದ್ದು ಆಗಲೇ. ಅವಳು ಜೋರಾಗಿ ಬ್ರೇಕ್ ಒತ್ತಿದರೆ ಸಾಕು, ಕಾರು ಎಡಕ್ಕೆ ಮೂತಿ ತಿರುಗಿಸಿ, ಹಿಂಭಾಗವನ್ನು ಬಲಕ್ಕೆ ಒಗೆದುಕೊಂಡು, ಮುನಿಸಿಕೊಂಡ ಮಗುವಿನಂತೆ ಅಡ್ಡಡ್ಡ ನಿಲ್ಲುತ್ತಿತ್ತು. ಸಮುದ್ರದ ದಾರಿಯ ಇಳಿಜಾರುಗಳಲ್ಲಿ ನನ್ನ ಜೀವ ಬಾಯಿಗೆ ಬರುತ್ತಿತ್ತು. ನನ್ನ ಕಾಲದಲ್ಲಿ ಹೀಗಿರಲಿಲ್ಲ ಎಂದು ನಾನು ಹೇಳಿದೆ. ನಿಮ್ಮ ಕಾಲದಲ್ಲಿ ಅದು ಹೊಸದಾಗಿತ್ತು, ನೀವೂ ಹೊಸದಾಗಿದ್ದಿರಿ ಎಂದು ಅವಳು ಹೇಳಿದಳು.

ಅಷ್ಟರಲ್ಲಿ ಜಗನ್ಮೋಹನನ ಮನೆಯ ಗೃಹಪ್ರವೇಶ ಗೊತ್ತಾಯಿತು. ಸಂಕ್ರಾಂತಿಗೆ ಬಂದು ನಮ್ಮಲ್ಲೇ ಉಳಿದಿದ್ದ ಅತ್ತೆ ದುರ್ಗಾಂಬನವರನ್ನು ಕರೆದುಕೊಂಡು ನಾವು ಕಾರಿನಲ್ಲೇ ವಿಜಯವಾಡಕ್ಕೆ ಹೋಗುವುದು, ಬರುವಾಗ ಹೊಸ ಕಾರಿನಲ್ಲಿ ಬರುವುದು ಎಂದು ಅಕ್ಕ ತಮ್ಮ ಸೇರಿ ಕಾರ್ಯಕ್ರಮ ಹಾಕಿದರು. ನಾನು ಊಟ ಬಿಟ್ಟೆ. (ಒಂದು ಹೊತ್ತು ಮಾತ್ರ. ಅಂದು ಹೀರೇಕಾಯಿ ಪಲ್ಯವಿತ್ತು.) ಕೊನೆಗೆ ವಿಜಯಾ ಕರಗಿದಳು.

"ನೋಡಿ, ಅಷ್ಟರೊಳಗೆ ಹಿಂದಿನ ಬ್ರೇಕ್ ಸರಿ ಮಾಡಿಸಿದ್ರೆ ನಿಮ್ಮ ಕಾರು ನಿಮಗೇ. ಇಲ್ಲಾಂದ್ರೆ ಅಲ್ಲೇ ಬಿಟ್ಟು ಬರೋಣ. ಆಮೇಲೆ ಮುಖ ಊದಿಸ್ಕೋಬಾರದು."

ಅಂದಿನಿಂದ ನಾನು ಟೊಂಕ ಕಟ್ಟಿ ನಿಂತೆ. ಬ್ಯಾಂಕಿನಲ್ಲಿ ಮೂರು ವರ್ಷ ಆಡಿಟ್ ಮಾಡಿದವನು ನಾನು. ಎಂಥೆಂಥ ಮ್ಯಾನೇಜರುಗಳ ಬೆವರಿಳಿಸಿದವನು. ಎರಡು ಚಕ್ರಗಳ ನಡುವಿನ ವ್ಯತ್ಯಾಸ ಹಿಡಿಯುವುದು ಯಾವ ಮಹಾ ವಿದ್ಯೆ ಎಂದುಕೊಂಡೆ.

ಮೊದಲು ಮೆಕಾನಿಕ್ ಬಾಬ್ಜಿಯ ಷೆಡ್ಡು. ಅವನು ಜಾಕ್ ಹಾಕಿ ಕಾರಿನ ಪಶ್ಚಾದ್ಭಾಗವನ್ನು ಎತ್ತಿ, ಚಕ್ರ ಕಳಚಿ, ಡ್ರಮ್ಮು ಬಿಚ್ಚಿದ. ಒಳಗಿನ ಬ್ರೇಕ್ ಷೂಗಳು ಸವೆದು ಸುಟ್ಟ ರೊಟ್ಟಿಯಾಗಿದ್ದವು, ಬಲಕ್ಕಿಂತ ಎಡದ್ದು ಹೆಚ್ಚು. ಬಾಬ್ಜಿ ಬೆರಗಾದ. ಬ್ರೇಕಿನ ಹೆಚ್ಚಿನ ಭಾರ ಹೊರುವುದು ಮುಂದಿನ ಚಕ್ರಗಳು, ಹಿಂದಿನವು ಇಷ್ಟು ಬೇಗ ಸವೆಯುವುದನ್ನು ತಾನು ಕಂಡಿಲ್ಲ ಎಂದ. ಎರಡೂ ಕಡೆಗೆ ಹೊಸ ಷೂ ಹಾಕಿದ. ಕೆಲವೇ ದಿನಗಳಲ್ಲಿ ಕಾರು ಮತ್ತೆ ಅಡ್ಡ ನಿಂತಿತು. ಆಯಿಲ್ ಸೋರುತ್ತಿರಬಹುದೆಂದು ಸಿಲಿಂಡರುಗಳನ್ನೂ ಬದಲಿಸಿದ. ಅತ್ತೆಯವರನ್ನು ಸಿಂಹಾಚಲಕ್ಕೆ ಕರೆದುಕೊಂಡು ಹೋಗುವಾಗ ಕಾರು ಹೂವಿನ ಅಂಗಡಿಯ ಮುಂದೆ ಮತ್ತೆ ಮೂತಿ ತಿರುಗಿಸಿತು. ನಾನು ಕೈಸೋಲಲಿಲ್ಲ.

ಪ್ರಯೋಗ ನಡೆಸಿಯೇ ನೋಡೋಣವೆಂದು ಭಾನುವಾರ ಬಾಬ್ಜಿಯನ್ನೂ ಕರೆದುಕೊಂಡು ಭೀಮುನಿಪಟ್ಟಣದ ರಸ್ತೆಗೆ ಹೋದೆವು. ನಾನು ತಾಳೆಮರದ ಕೆಳಗೆ ನಿಂತು, ವಿಜಯಾ ಒಬ್ಬಳೇ ಕಾರು ಓಡಿಸಿ ಬಂದು ಬ್ರೇಕ್ ಒತ್ತುವಂತೆ ಹೇಳಿದೆ. ಕಾರು ಗೆರೆ ಎಳೆದ ಹಾಗೆ ನೇರವಾಗಿ ನಿಂತಿತು. ಬಾಬ್ಜಿಯನ್ನು ನನ್ನ ಸೀಟಿನಲ್ಲಿ ಕೂರಿಸಿದೆ. ನೇರವಾಗಿ ನಿಂತಿತು. ನಾನೇ ಕೂತೆ. ರಸ್ತೆಯ ಎಡಬದಿಯಲ್ಲಿ ಒಣಹಾಕಿದ್ದ ಬೆಸ್ತರ ಬಲೆಗಳ ಕಡೆಗೆ ಹೊರಳಿತು! ಎಡಗಡೆ ನನ್ನಷ್ಟು ತೂಕ ಬಿದ್ದರೆ ಹೀಗಾಗುತ್ತದೆಂದು ನಾನು ಘೋಷಿಸಿದೆ. ಬಾಬ್ಜಿ ನನಗಿಂತ ದಪ್ಪ ಎಂದು ವಿಜಯಾ ನೆನಪಿಸಿದಳು. ಬಿಡಲಿಲ್ಲ, ಅಕ್ಕಿಯ ಮೂಟೆಗಳನ್ನು ತಂದು ನನ್ನ ಸೀಟಿನಲ್ಲಿಟ್ಟು ನೋಡಿದೆ. ಮೂಟೆಗಳೊಂದಿಗೆ ಕಾರು ಅತ್ಯಂತ ಸಭ್ಯವಾಗಿ ನಡೆದುಕೊಂಡಿತು.

"ಸಾರ್, ಬ್ರೇಕಲ್ಲಿ ಏನೂ ಇಲ್ಲ. ಧೈರ್ಯವಾಗಿ ಹೋಗ್ಬನ್ನಿ," ಎಂದು ಬಾಬ್ಜಿ ತೆಲುಗಿನಲ್ಲಿ ಹೇಳಿ ಕೈತೊಳೆದುಕೊಂಡ. ಅವನು ನನ್ನನ್ನು ನೋಡಿದ ರೀತಿಯಲ್ಲಿ, ಮನೆಯಲ್ಲಿ ಯಾವುದಾದರೂ ಶಾಂತಿ ಮಾಡಿಸಿ ಎಂಬ ಸಲಹೆ ಇತ್ತು.

ಅಪಾರ್ಟ್‌ಮೆಂಟಿನ ವಾಚ್‌ಮನ್ನನ್ನು ಕೇಳಿದೆ, ಶಾಖೆಯ ಕ್ಯಾಷಿಯರನ್ನು ಕೇಳಿದೆ, ಲಾರಿ ಸಾಲ ಕೇಳಲು ಬಂದಿದ್ದವನನ್ನೂ ಕೇಳಿದೆ. ಉತ್ತರ ಸಿಗಲಿಲ್ಲ. ಹೊರಡುವ ದಿನ ಬಂದೇಬಿಟ್ಟಿತು. ಕಾರನ್ನು ನಾನೇ ತೊಳೆದೆ. ಹೆಣ್ಣನ್ನು ಗಂಡನ ಮನೆಗೆ ಕಳಿಸುವಾಗಿನ ಸಂಕಟ ನನಗೆ ಅಂದು ಅರ್ಥವಾಯಿತು, ಅದೂ ಎಕ್ಸ್‌ಚೇಂಜ್‌ನಲ್ಲಿ ಕಳಿಸುವಾಗಿನದು.

ಅನ್ನವರಂ ದಾಟಿ ಸ್ವಲ್ಪ ದೂರ ಹೋಗಿದ್ದೆವು. ಒಂದು ಎಮ್ಮೆ ಹೆದ್ದಾರಿಯನ್ನು ದಾಟಲು ನಿರ್ಧರಿಸಿತು. ವಿಜಯಾ ಬ್ರೇಕ್ ಒತ್ತಿದಳು. ಟೈರುಗಳು ಕಿರುಚಿದವು, ಕಾರು ಎಡಕ್ಕೆ ಹೊರಳಿ ಮಣ್ಣಿನಲ್ಲಿ ಅಡ್ಡಲಾಗಿ ನಿಂತಿತು. ಎಮ್ಮೆ ನಮ್ಮನ್ನು ಒಮ್ಮೆ ನೋಡಿ ಮುಂದೆ ಹೋಯಿತು. ನಾನು ಇಳಿದು ಎಡಗಡೆಯ ಹಿಂಚಕ್ರವನ್ನು ಮುಟ್ಟಿದೆ. ಕೈ ಸುಟ್ಟಿತು. ಇನ್ನು ಈ ಕಾರು ನನ್ನದಲ್ಲ ಎಂದು ನಿಜವಾಗಿಯೂ ಕಣ್ಣು ತುಂಬಿ ಬಂತು.

ಹಿಂದಿನ ಸೀಟಿನಲ್ಲಿ ಕಿತ್ತಳೆ ಸುಲಿಯುತ್ತಿದ್ದ ಅತ್ತೆ ಕಿಟಕಿಯಿಂದ ತಲೆ ಹೊರಹಾಕಿ, ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ಅಳಿಯನನ್ನು ಕರೆದರು.

"ಅಲ್ಲುಡುಗಾರೂ, ಈ ಸಲ ನೀವು ಕೋಲು ಸ್ವಲ್ಪ ಜಾಸ್ತಿ ಎಳೆದ್ರೇನೋ ಅಂಡಿ."

"ಯಾವ ಕೋಲಮ್ಮಾ?" ಎಂದಳು ವಿಜಯಾ.

"ಅದೇ ನಿಮ್ಮಿಬ್ರ ಮಧ್ಯ ಇರೋದು. ನೀನು ಕಾಲಲ್ಲಿ ತುಳೀತೀಯ, ಅವ್ರು ಕೈಯಲ್ಲಿ ಎಳೀತಾರೆ. ಸಿಂಹಾಚಲಕ್ಕೆ ಹೋದಾಗ್ಲೂ ಅಷ್ಟೇ ಕದಾ. ಇಬ್ರೂ ಸೇರಿ ನಡೆಸೋ ಬಂಡಿ ಇದು ಅನ್ಕೊಂಡಿದ್ದೆ ನಾನು."

ಮೊದಲೇ ಯಾಕೆ ಹೇಳಲಿಲ್ಲವೆಂದು ಕೇಳಿದ್ದಕ್ಕೆ, ಅಳಿಯಂದಿರು ಊರನ್ನೆಲ್ಲ ಕೇಳಿದರು, ತಮ್ಮನ್ನು ಕೇಳಲಿಲ್ಲ ಎಂದು ಅವರು ಕಿತ್ತಳೆಯ ತೊಳೆ ಬಾಯಿಗೆ ಹಾಕಿಕೊಂಡರು.

ವಿಜಯಾ ನನ್ನನ್ನು ಒಳಗೆ ಕರೆದು, ದಿನಾ ಹೇಗೆ ಕೂರುತ್ತೀರೋ ಹಾಗೆ ಕೂರಿ ಎಂದಳು. ಕೂತೆ. ಎಡಗೈ ಮೇಲಿನ ಹಿಡಿಕೆಗೆ ಹೋಯಿತು. ಅವಳು ಇದ್ದಕ್ಕಿದ್ದಂತೆ "ಎಮ್ಮೆ" ಎಂದಳು. ನನ್ನ ಬಲಗೈ, ನನ್ನನ್ನು ಒಂದು ಮಾತೂ ಕೇಳದೆ, ಹ್ಯಾಂಡ್‌ಬ್ರೇಕನ್ನು ಹಿಡಿದು, ಹೆಬ್ಬೆರಳಿನಿಂದ ಗುಂಡಿ ಒತ್ತಿ, ಮೇಲಕ್ಕೆ ಎಳೆದು, ಮತ್ತೆ ಸದ್ದಿಲ್ಲದೆ ಇಳಿಸಿಬಿಟ್ಟಿತು.

ಹ್ಯಾಂಡ್‌ಬ್ರೇಕು ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ನಮ್ಮ ಕಾರಿನಲ್ಲಿ ಅದರ ಎಡಗಡೆಯ ಕೇಬಲ್ ಕೊಂಚ ಬಿಗಿ. ಅಂದರೆ ಇಷ್ಟು ದಿನ ಹಿಂಚಕ್ರಗಳನ್ನು ಸುಟ್ಟದ್ದೂ, ಬಾಬ್ಜಿಯ ನಿದ್ದೆ ಕೆಡಿಸಿದ್ದೂ, ಅಕ್ಕಿ ಮೂಟೆ ಹೊತ್ತದ್ದೂ ನಾನೇ. ಭದ್ರವಾಗಿ ಏನನ್ನೋ ಹಿಡಿದುಕೊಂಡಿದ್ದೇನೆ ಎಂದಷ್ಟೇ ನನಗೆ ಗೊತ್ತಿತ್ತು, ದೇವರಾಣೆಗೂ.

ವಿಜಯಾ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅಂದ್ರೆ ನಾನು ಬ್ರೇಕ್ ಒತ್ತಿದಾಗಲೆಲ್ಲ ನಿಮಗೆ ನನ್ನ ಮೇಲೆ ನಂಬಿಕೆ ಇರ್ಲಿಲ್ಲ," ಎಂದಳು.

ನನಗೆ ನಂಬಿಕೆ ಇದೆ, ಕೈಗೆ ಮಾತ್ರ ಇಲ್ಲ ಎಂದೆ. ಕೈ ಯಾರದು ಎಂದಳು. ನಾನು ಬಲಗೈಯನ್ನು ಮೆಲ್ಲಗೆ ಬೆನ್ನ ಹಿಂದೆ ಬಚ್ಚಿಟ್ಟೆ. ಅಲ್ಲೇ ಸೀಟುಗಳ ಮರುವಿಂಗಡಣೆ ನಡೆಯಿತು. ಅತ್ತೆ ಮುಂದೆ ಹೋದರು, ನಾನು ಕಿತ್ತಳೆ ಸಿಪ್ಪೆಗಳ ನಡುವೆ ಹಿಂದೆ ಬಂದೆ. ರಾಜಮಂಡ್ರಿ ಬಂತು, ಏಲೂರು ಬಂತು, ಬೆಂಜ್ ಸರ್ಕಲ್ಲಿನ ನೂಕುನುಗ್ಗಲು ಬಂತು. ಎದುರಿಗೆ ಆಟೋ ನುಗ್ಗಿದಾಗಲೂ ಕಾರು ನೇರವಾಗಿ ನಿಂತಿತು. ಅವಳು ಚೆನ್ನಾಗಿ ಓಡಿಸುತ್ತಾಳೆ ಎಂಬುದನ್ನು ನಾನು ಮೊದಲ ಸಲ, ಹಿಂದಿನಿಂದ, ಕಣ್ಣುಬಿಟ್ಟು ನೋಡಿದೆ.

ಜಗನ್ಮೋಹನ ಷೋರೂಮಿನ ಗೆಳೆಯನನ್ನು ಕರೆತಂದು ಕಾಯುತ್ತಿದ್ದ. ಗಾಡಿಯಲ್ಲಿ ದೋಷವಿಲ್ಲ, ಕೊಡುವುದಿಲ್ಲ ಎಂದು ವಿಜಯಾ ಖಡಾಖಂಡಿತವಾಗಿ ಹೇಳಿಬಿಟ್ಟಳು. ದೋಷ ಎಲ್ಲಿತ್ತು ಎಂಬುದನ್ನು ಅತ್ತೆ ಗೃಹಪ್ರವೇಶಕ್ಕೆ ಬಂದವರಿಗೆಲ್ಲ ಪಂಕ್ತಿಯುದ್ದಕ್ಕೂ ವಿವರಿಸಿದರು. ಪಕ್ಕದ ಎಲೆಯವರು ಪಾಯಸದ ಲೋಟವನ್ನು ನನ್ನ ಬಲಗೈಗೆ ಸಿಗದಂತೆ ದೂರ ಸರಿಸಿದರು. ಸರಿಸಲಿ. ಕಾರು ಉಳಿದಿತ್ತು, ನನಗೆ ಅಷ್ಟು ಸಾಕಾಗಿತ್ತು.

ಮಾರನೆಯ ದಿನ ಹೊರಟೆವು. ಅತ್ತೆ ಅಲ್ಲೇ ಉಳಿದರು, ಮುಂದಿನ ಸೀಟು ಖಾಲಿ. ನಾನು ಉತ್ಸಾಹದಿಂದ ಬಾಗಿಲು ತೆಗೆದೆ. ಒಳಗೆ ಆವಕಾಯಿ ಉಪ್ಪಿನಕಾಯಿಯ ದೊಡ್ಡ ಭರಣಿಯೊಂದು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಸೀಟ್ ಬೆಲ್ಟ್ ಹಾಕಿಕೊಂಡು ಕೂತಿತ್ತು. ಅದನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಗಳಿಂದ ತಬ್ಬಿ ಹಿಡಿಯುತ್ತೇನೆ, ಆಗ ಕೈಗೆ ಬೇರೆ ಕೆಲಸವೇ ಇರುವುದಿಲ್ಲ ಎಂದು ಬೇಡಿಕೊಂಡೆ. ವಿಜಯಾ ಭರಣಿಯನ್ನು ನೋಡಿದಳು, ನನ್ನನ್ನು ನೋಡಿದಳು.

"ಬೇಡ ರೀ. ಅದು ನನ್ನ ನಂಬಿ ಕೂತಿದೆ. ಇರ್ಲಿ ಬಿಡಿ."

ವಿಶಾಖಪಟ್ಟಣದವರೆಗೂ ಅವಳು ಬ್ರೇಕ್ ಒತ್ತಿದಾಗಲೆಲ್ಲ ಭರಣಿ ಸುಮ್ಮನೆ ಕೂತಿತ್ತು. ಹಿಂದಿನ ಸೀಟಿನಲ್ಲಿ ನಾನೂ ಸುಮ್ಮನೆ ಕೂತಿದ್ದೆ, ನನ್ನ ಎರಡೂ ಕೈಗಳ ಮೇಲೆ.