ನೆಲ ನಡುಗಿದಾಗ ಕೀಲಿಮಣೆಯಿಂದ ಕೈ ತೆಗೆಯತಕ್ಕ ಬಗ್ಗೆ

ಸುತ್ತೋಲೆ ಸಂಖ್ಯೆ: ಟೈಪು/ಹೊ.ಆ./ನಡುಕ/೭/೧೯೯೭-೯೮
ಉರಿಗಾಂ, ದಿನಾಂಕ: ೧೮-೮-೧೯೯೭

ವಿಷಯ: ಕಚೇರಿಯ ಕಂಪ್ಯೂಟರಿನಲ್ಲಿ ಪತ್ರ ಟೈಪು ಮಾಡುವ ತಂತ್ರಾಂಶದ ಹೊಸ ಆವೃತ್ತಿಗೆ ಸಿಬ್ಬಂದಿ ಹೊಂದಿಕೊಳ್ಳುವ ಬಗ್ಗೆ, ಮತ್ತು ಹಿರಿಯ ಟೈಪಿಸ್ಟ್ ಶ್ರೀಮತಿ ವೆಂಕಟರತ್ನಮ್ಮ ಅವರ ಬಂಗಾರಪೇಟೆ ವರ್ಗಾವಣೆಯ ಬಗ್ಗೆ.

ಉಲ್ಲೇಖ:
(೧) ಹೊಸ ಆವೃತ್ತಿಯ ಜೊತೆ ಬಂದ ಇಂಗ್ಲಿಷ್ ಕೈಪಿಡಿ (ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿಲ್ಲ).
(೨) ಬಂಗಾರಪೇಟೆ ಶಾಖೆಯಿಂದ ಬಂದ ಅನುಪಾಲನಾ ವರದಿ.
(೩) ಕಳೆದ ಮಂಗಳವಾರ ಊಟದ ನಂತರ ಸಂಭವಿಸಿದ ನೆಲದ ನಡುಕ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಎಲ್ಲ ಸಿಬ್ಬಂದಿಯ ಗಮನಕ್ಕೆ ತರುವುದೇನೆಂದರೆ, ಈ ಕಚೇರಿಯಲ್ಲಿ ಕಪ್ಪು ಪರದೆಯ ಹಳೆಯ ಆವೃತ್ತಿ ಅನೇಕ ವರ್ಷಗಳಿಂದ ಯಾರ ತಂಟೆಗೂ ಹೋಗದೆ ಕೆಲಸ ಮಾಡಿಕೊಂಡಿತ್ತು. ಶ್ರೀಮತಿ ವೆಂಕಟರತ್ನಮ್ಮನವರು ಕ್ಯಾಸಂಬಳ್ಳಿಯಲ್ಲಿ ಬೆಳಿಗ್ಗೆ ಹಸು ಕರೆದು, ಡೈರಿಗೆ ಹಾಲು ಹಾಕಿ, ಬಸ್ಸು ಹಿಡಿದು ಬಂದು ಕುರ್ಚಿಯಲ್ಲಿ ಕೂತರೆಂದರೆ, ಪರದೆಯ ಕಡೆ ನೋಡದೆಯೇ, ಪಕ್ಕದವರ ಮನೆಯ ಸಮಾಚಾರ ಕೇಳುತ್ತಲೇ ಪತ್ರ ಮುಗಿಸುತ್ತಿದ್ದುದು ದಾಖಲೆಯಲ್ಲಿದೆ. ಹೀಗಿರುವಾಗ ಬೆಂಗಳೂರಿನಿಂದ ಒಬ್ಬ ತಜ್ಞರು ಬಂದು ಹೊಸ ಆವೃತ್ತಿಯನ್ನು ಅಳವಡಿಸಿ, ಟೀ ಕುಡಿದು, ಎಲ್ಲ ಮೊದಲಿನಂತೆಯೇ ಇದೆ, ಸ್ವಲ್ಪ ಜಾಗ ಬದಲಾಗಿದೆ ಅಷ್ಟೇ ಎಂದು ತಿಳಿಸಿ ರೈಲು ಹತ್ತಿರುತ್ತಾರೆ. ಯಾವುದು ಯಾವ ಜಾಗಕ್ಕೆ ಹೋಗಿದೆ ಎಂಬ ಬಗ್ಗೆ ವಿಚಾರಣೆ ಇಂದಿಗೂ ಜಾರಿಯಲ್ಲಿದೆ. ಆದ್ದರಿಂದ ಈ ಕೆಳಕಂಡ ನಿಯಮಗಳನ್ನು ಹೊರಡಿಸಲಾಗಿದೆ.

೧. ಚಿತ್ರಗಳ ಬಗ್ಗೆ: ಪರದೆಯ ನೆತ್ತಿಯ ಮೇಲೆ ಸಾಲಾಗಿ ಕೂತಿರುವ ಚಿಕ್ಕ ಚಿತ್ರಗಳನ್ನು ಅನುಮತಿಯಿಲ್ಲದೆ ಒತ್ತತಕ್ಕದ್ದಲ್ಲ. ಕತ್ತರಿಯ ಚಿತ್ರಕ್ಕೆ ಲಿಖಿತ ಮಂಜೂರಾತಿ ಕಡ್ಡಾಯ. ಎಡಕ್ಕೆ ಬಾಗಿದ ಬಾಣದ ಚಿತ್ರವು ಏನು ಮಾಡುತ್ತದೆಂಬುದು ಯಾರಿಗೂ ತಿಳಿಯದ ಕಾರಣ, ಅದನ್ನು ಅಧೀಕ್ಷಕರಾದ ಶ್ರೀ ಕೋದಂಡಪ್ಪನವರ ವಶಕ್ಕೆ ಒಪ್ಪಿಸಲಾಗಿದೆ. ಜವಾನ ಶ್ರೀ ಆರುಮುಗಂ ಅವರು ಟೀ ಲೋಟ ಇಡುವ ನೆಪದಲ್ಲಿ ಪರದೆಗೆ ಬಗ್ಗಿ ನೋಡಿ, "ಕತ್ತರಿ ಇದೆ, ಬ್ರಷ್ ಇದೆ, ಒಂದು ಕನ್ನಡಿ ಇಟ್ಟುಬಿಟ್ಟರೆ ಸಲೂನೇ ಆಯ್ತಲ್ಲಮ್ಮಾ" ಎಂದಿರುವುದು ಸರ್ಕಾರಿ ಸ್ವತ್ತಿನ ಅವಹೇಳನವೋ ಅಥವಾ ಕೇವಲ ವರ್ಣನೆಯೋ ಎಂಬುದನ್ನು ಪ್ರತ್ಯೇಕವಾಗಿ ಪರಿಶೀಲಿಸಲಾಗುವುದು.

೨. ಮೌಸ್ ಎಂಬ ಉಪಕರಣವು ಬರಿಯ ಮೇಜಿನ ಮೇಲೆ ಜಾರುತ್ತದೆಂಬ ದೂರಿನ ಮೇರೆಗೆ ಅದರ ಕೆಳಗೆ ಕ್ವಾರ್ಟರ್ಸ್ ಚಾವಣಿ ದುರಸ್ತಿಯ ಕಡತವನ್ನು ಇರಿಸಲಾಗಿದೆ. ಅಷ್ಟೇ ದಪ್ಪದ ಇನ್ನೊಂದು ಕಡತ ಸಿದ್ಧವಾಗುವವರೆಗೆ ಸದರಿ ಕಡತವನ್ನು ಯಾರೂ ಎತ್ತತಕ್ಕದ್ದಲ್ಲ. ಚಾವಣಿ ಸೋರುವ ಬಗ್ಗೆ ವಿಚಾರಿಸಲು ಬರುವವರಿಗೆ, ತಮ್ಮ ಕಡತದ ಮೇಲೆ ದಿನವೂ ಕೆಲಸ ನಡೆಯುತ್ತಿದೆ ಎಂದು ಉತ್ತರಿಸತಕ್ಕದ್ದು. ಇದು ಸುಳ್ಳಲ್ಲ.

೩. ಹೊಸ ಆವೃತ್ತಿಯು ಕೆಲಸ ಮುಗಿಸುವ ಹೊತ್ತಿಗೆ, ಬದಲಾವಣೆಗಳನ್ನು ಉಳಿಸಬೇಕೋ ಬೇಡವೋ ಎಂದು ಪ್ರಶ್ನೆ ಕೇಳುತ್ತದೆ. ಹಳೆಯ ಆವೃತ್ತಿ ಇಂಥ ಸಲುಗೆ ತೋರಿದ್ದಿಲ್ಲ. ಸಿಬ್ಬಂದಿಯು ಸ್ವಂತ ಜವಾಬ್ದಾರಿಯಲ್ಲಿ ಇದಕ್ಕೆ ಉತ್ತರ ಕೊಡದೆ, ಪ್ರಶ್ನೆಯನ್ನು ಟಿಪ್ಪಣಿಯ ಮೂಲಕ ಅಧೀಕ್ಷಕರಿಗೆ ಮಂಡಿಸತಕ್ಕದ್ದು. ಅವರು ಸಭೆಗೆಂದು ಕೋಲಾರಕ್ಕೆ ಹೋಗಿದ್ದಾಗ ಸೋಮವಾರ ಕೇಳಿದ ಪ್ರಶ್ನೆಯು ಗುರುವಾರದವರೆಗೂ ಪರದೆಯ ಮೇಲೆ ನಿಂತೇ ಇದ್ದು, ಕಂಪ್ಯೂಟರು ಸಹನೆಯಿಂದ ಸಹಕರಿಸಿದ್ದನ್ನು ಶ್ಲಾಘಿಸಲಾಗಿದೆ.

೪. ಕೆಂಪು ಗೆರೆಗಳ ಬಗ್ಗೆ: ಟೈಪು ಮಾಡಿದ ಪ್ರತಿಯೊಂದು ಕನ್ನಡ ಪದದ ಕೆಳಗೂ ಕೆಂಪು ಗೆರೆ ಮೂಡುತ್ತಿದೆ. ಅಧೀಕ್ಷಕರು ಇದನ್ನು ಲೆಕ್ಕಪರಿಶೋಧನೆಯ ಆಕ್ಷೇಪಣೆಯೆಂದು ಭಾವಿಸಿ ಮೊದಲ ವಾರ ಪ್ರತಿ ಪದಕ್ಕೂ ಸಮಜಾಯಿಷಿ ಬರೆಸಿದರು. ಸಮಜಾಯಿಷಿಯ ಪದಗಳ ಕೆಳಗೂ ಗೆರೆ ಬಂದಿತು. ಕೊನೆಗೆ ಅವರದೇ ಹೆಸರಿನ ಕೆಳಗೆ ಗೆರೆ ಬಂದಾಗ ಮಾತ್ರ, ಆಕ್ಷೇಪಣೆಗಳಿಗೆ ಹುರುಳಿಲ್ಲವೆಂದು ತೀರ್ಮಾನಿಸಿ ಎಲ್ಲವನ್ನೂ ಕೈಬಿಡಲಾಯಿತು.

೫. ಈಗ ಮುಖ್ಯ ವಿಷಯಕ್ಕೆ ಬರಲಾಗಿದೆ. ಚಿನ್ನದ ಗಣಿಯ ಆಳದಲ್ಲಿ ಬಂಡೆ ಸಿಡಿದಾಗಲೆಲ್ಲ ಉರಿಗಾಂನಲ್ಲಿ ನೆಲ ನಡುಗುವುದೂ, ಗೋಡೆಯ ಕ್ಯಾಲೆಂಡರು ಅಲ್ಲಾಡುವುದೂ, ಹಿಂದೆಯೇ ಕರೆಂಟು ಹೋಗುವುದೂ ಎಲ್ಲರಿಗೂ ತಿಳಿದದ್ದೇ. ಬೇರೆ ಊರಿನಿಂದ ಬಂದವರು ಬಾಗಿಲ ಕಡೆ ಓಡುತ್ತಾರೆ. ಈ ಕಚೇರಿಯವರು ಮೊದಲು ಕಡತ ಉಳಿಸಿ, ಆಮೇಲೆ ಚಾವಣಿ ನೋಡುತ್ತಾರೆ. ಹಳೆಯ ಆವೃತ್ತಿಯಲ್ಲಿ ಕಂಟ್ರೋಲ್ ಜೊತೆ ಕೆ ಒತ್ತಿ, ನಂತರ ಎಸ್ ಒತ್ತಿದರೆ ಕಡತ ಉಳಿಯುತ್ತಿತ್ತು. ನೆಲ ಅಲ್ಲಾಡಿದ್ದು ತಲೆಗೆ ತಿಳಿಯುವ ಮುನ್ನವೇ ಬೆರಳುಗಳು ಈ ಕೆಲಸ ಮುಗಿಸಿರುತ್ತಿದ್ದವು. ಹೊಸ ಆವೃತ್ತಿಯಲ್ಲಿ ಹಾಗಲ್ಲ. ಕಂಟ್ರೋಲ್ ಜೊತೆ ಕೆ ಒತ್ತಿದರೆ ಇಡೀ ಪತ್ರ ಕಪ್ಪಾಗಿ ನಿಲ್ಲುತ್ತದೆ. ಆಗ ಎಸ್ ಒತ್ತಿದರೆ ಪತ್ರವೆಲ್ಲ ಮಾಯವಾಗಿ, ಅದರ ಜಾಗದಲ್ಲಿ 'ಸ' ಎಂಬ ಒಂದೇ ಅಕ್ಷರ ಕೂರುತ್ತದೆ. ಹೀಗೆ ಕಳೆದ ತಿಂಗಳುಗಳಲ್ಲಿ ನೀರು ಸರಬರಾಜಿನ ವರದಿ 'ಸ' ಆಗಿದೆ. ಅಧೀಕ್ಷಕರ ಸ್ವಂತ ರಜಾ ಅರ್ಜಿ 'ಸ' ಆಗಿದೆ.

೬. ಇದರಿಂದ ಬೇಸತ್ತ ಅಧೀಕ್ಷಕರು, ಹೊಸ ಆವೃತ್ತಿ ಬಳಸಲು ಬಾರದವರೆಂಬ ಕಾರಣಕ್ಕೆ ಶ್ರೀಮತಿ ವೆಂಕಟರತ್ನಮ್ಮನವರನ್ನು ಬಂಗಾರಪೇಟೆ ಶಾಖೆಗೆ ವರ್ಗಾಯಿಸಲು ತೀರ್ಮಾನಿಸಿದರು. ಅಲ್ಲಿ ಹಳೆಯ ಆವೃತ್ತಿಯೇ ಇದೆ, ನೆಲವೂ ಅಲ್ಲಾಡುವುದಿಲ್ಲ. ಆದರೆ ಅಲ್ಲಿಗೆ ಹೊತ್ತಿಗೆ ಸರಿಯಾಗಿ ತಲುಪಬೇಕಾದರೆ ಡೈರಿ ತೆರೆಯುವ ಮುಂಚೆಯೇ ಬಸ್ಸು ಹತ್ತಬೇಕು. ಸದರಿ ನೌಕರರು ಅಧೀಕ್ಷಕರ ಮೇಜಿನ ಮುಂದೆ ನಿಂತು, "ನಾನೇನೋ ಓಯ್ತೀನಿ ಸಾರ್. ನನ್ ಅಸೂನ್ನ ಯಾವ್ ಶಾಖೆಗ್ ಆಕ್ತೀರ?" ಎಂದು ಕೇಳಿದ್ದು, ಹಸುವಿನ ವರ್ಗಾವಣೆಗೆ ನಿಯಮಗಳಲ್ಲಿ ಅವಕಾಶವಿಲ್ಲವೆಂದು ತಿಳಿಸಲಾಗಿದೆ.

೭. ವರ್ಗಾವಣೆ ಆದೇಶವನ್ನು ಟೈಪು ಮಾಡಬೇಕಿತ್ತು. ಕಚೇರಿಯಲ್ಲಿ ಟೈಪು ಬಲ್ಲವರು ಸದರಿ ನೌಕರರೊಬ್ಬರೇ. ಆದ್ದರಿಂದ ತಮ್ಮ ವರ್ಗಾವಣೆಯನ್ನು ತಾವೇ ಟೈಪು ಮಾಡುವಂತೆ ಅವರಿಗೆ ಸೂಚಿಸಲಾಯಿತು. ಅವರು ಕುರ್ಚಿ ಎಳೆದುಕೊಂಡು ಕೂತರು. ಕೊನೆಯ ಸಾಲಿಗೆ ಬಂದಾಗ ನೆಲ ನಡುಗಿತು. ಬೆರಳುಗಳು ಹಳೆಯ ಅಭ್ಯಾಸದಂತೆ ಕೆ ಮತ್ತು ಎಸ್ ಒತ್ತಿದವು; ಪರದೆಯಲ್ಲಿ ಉಳಿದದ್ದೇ ಮುದ್ರಣವಾಯಿತು. ಮಧ್ಯಾಹ್ನ ಸಹಿಗೆ ಬಂದ ಕಾಗದಗಳ ಕಟ್ಟಿನಲ್ಲಿ ಅಧೀಕ್ಷಕರು ವಾಡಿಕೆಯಂತೆ ಬಲಗಡೆ ಕೆಳಮೂಲೆಯನ್ನು ಮಾತ್ರ ನೋಡಿ ಸಹಿ ಹಾಕಿದರು. ಹೀಗಾಗಿ 'ಸ' ಎಂಬ ಆದೇಶವು ಮೊಹರು ಸಹಿತ ಬಂಗಾರಪೇಟೆಗೆ ರವಾನೆಯಾಯಿತು. ಮರುವಾರವೇ ಅಲ್ಲಿಂದ ಉತ್ತರ ಬಂದಿತು: 'ತಮ್ಮ ಆದೇಶ ತಲುಪಿದೆ. ಅದರಂತೆ ಕ್ರಮ ಕೈಗೊಂಡು ಪಾಲಿಸಲಾಗಿದೆ.' (ಉಲ್ಲೇಖ ೨.)

೮. ಎರಡನೆಯ ಸಲವೂ ಆದೇಶ 'ಸ' ಆದಾಗ, ತಮ್ಮ ವರ್ಗಾವಣೆಯನ್ನು ತಾವೇ ಬೇಕೆಂದು ಅಳಿಸಿದ್ದೀರಿ ಎಂದು ಆರೋಪಿಸಿ ಅವರಿಂದ ವಿವರಣೆ ಕೇಳಲಾಯಿತು. ಹಸುವಿನ ಮಾತು ಬಂದಾಗ ನಗುತ್ತಲೇ ಇದ್ದ ಸದರಿ ನೌಕರರು ಈಗ ನಗಲಿಲ್ಲ. ಆ ದಿನ ಟೀ ಕುಡಿಯಲಿಲ್ಲವೆಂದು ಶ್ರೀ ಆರುಮುಗಂ ವರದಿ ಮಾಡಿರುತ್ತಾರೆ. ಸಂಜೆ ಬ್ಯಾಗು ಹೆಗಲಿಗೆ ಹಾಕಿಕೊಂಡು, ಬಾಗಿಲಲ್ಲಿ ನಿಂತು, ಅವರು ನೀಡಿದ ಮೌಖಿಕ ವಿವರಣೆಯನ್ನು ಇದ್ದಂತೆಯೇ ದಾಖಲಿಸಲಾಗಿದೆ: "ನನ್ ಕೈ ಮರ್ತೋಗೋ ಕೈ ಅಲ್ಲ ಸಾರ್, ಅದ್ಕೇ ಇಂಗಾಯ್ತದೆ. ಆದ್ರೆ ಕಳ್ ಕೈ ಅಲ್ಲ. ನಾಳೆ ನಾನೇ ಟೈಪ್ ಒಡ್ದು ಕೊಡ್ತೀನಿ, ಮಡಿಕ್ಕಳ್ಳಿ."

೯. ಮಾರನೆಯ ದಿನ, ಅಂದರೆ ಕಳೆದ ಮಂಗಳವಾರ, ಅವರು ಮೂರನೆಯ ಸಲ ಆದೇಶವನ್ನು ಟೈಪು ಮಾಡಲು ಕೂತರು. ಊಟದ ನಂತರ ನೆಲ ನಡುಗಿತು. (ಉಲ್ಲೇಖ ೩.) ಇಷ್ಟು ಹೊತ್ತಿಗೆ ಕಚೇರಿಯವರೆಲ್ಲರಿಗೂ ಈ ಆದೇಶ 'ಸ' ಆದರೆ ಸಾಕೆಂಬ ಹಾರೈಕೆ ಇತ್ತೆಂದು ತಿಳಿದುಬಂದಿದೆ. ಆದರೆ ಸದರಿ ನೌಕರರು ಕ್ಷಣವೂ ತಡಮಾಡದೆ ಕೀಲಿಮಣೆಯಿಂದ ಎರಡೂ ಕೈ ಕಿತ್ತು, ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು, ಕ್ಯಾಲೆಂಡರು ಅಲ್ಲಾಡುವುದು ನಿಲ್ಲುವವರೆಗೆ ಕಣ್ಣು ಮುಚ್ಚಿ ಕೂತಿದ್ದರು. ಕರೆಂಟು ಅಂದು ಏಕೋ ಹೋಗಲಿಲ್ಲ. ನಂತರ ಮೌಸ್ ಹಿಡಿದು, ನಾಲಿಗೆ ಕಚ್ಚಿಕೊಂಡು, ಕಡತ ಉಳಿಸುವ ಫ್ಲಾಪಿಯ ಚಿತ್ರವನ್ನು ಹುಡುಕಿ ಒತ್ತಿ, ಆದೇಶವನ್ನು ಮುದ್ರಿಸಿ ತಾವೇ ಕೈಯಾರೆ ತಂದುಕೊಟ್ಟರು. "ತಗಳ್ಳಿ ಸಾರ್ ನನ್ ವರ್ಗ. ಒಂದಕ್ಸರಾನೂ ಓಗಿಲ್ಲ."

೧೦. ಶ್ರೀ ಕೋದಂಡಪ್ಪನವರು ತಮ್ಮ ಸೇವಾವಧಿಯಲ್ಲೇ ಮೊದಲ ಬಾರಿಗೆ ಒಂದು ಆದೇಶವನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದರು. ಅಂಚು ನೇರವಾಗಿತ್ತು. ಸಾಲುಗಳ ನಡುವೆ ಅಂತರ ಸರಿಯಾಗಿತ್ತು. ಅಧೀಕ್ಷಕರ ಹೆಸರಂತೂ ದಪ್ಪ ಅಕ್ಷರದಲ್ಲಿ ಬಂದಿತ್ತು. ಇದು ಹಳೆಯ ಆವೃತ್ತಿಯಲ್ಲಿ ಎಂದೂ ಬಂದಿರಲಿಲ್ಲ. ಹೊಸ ಆವೃತ್ತಿ ಬಾರದವರು ಎಂದು ಹೇಳುವ ಕಾಗದವನ್ನು ಹೊಸ ಆವೃತ್ತಿಯಲ್ಲಿ ಇಷ್ಟು ಚೆನ್ನಾಗಿ ಟೈಪು ಮಾಡಲಾಗಿದ್ದು, ಸಹಿ ಹಾಕಿದರೆ ಸುಳ್ಳಿಗೆ ಸಹಿ ಹಾಕಿದಂತಾಗುತ್ತದೆ ಎಂಬ ತಾಂತ್ರಿಕ ತೊಡಕನ್ನು ಅವರು ಕೆಳಗೆ ಸಹಿ ಮಾಡಿರುವವರ ಗಮನಕ್ಕೆ ತಂದರು. ಹೊರಗೆ ಹೋಗುವಾಗ ಅವರು ಸದರಿ ನೌಕರರಿಗೆ, "ನಿಮ್ ಅಸು ಗೆದ್ಕಂತು ಕಣಮ್ಮ" ಎಂದು ಮೆಲ್ಲಗೆ ಹೇಳಿದ್ದನ್ನು ಕಡತದಲ್ಲಿ ಸೇರಿಸತಕ್ಕದ್ದಲ್ಲ.

೧೧. ಆದುದರಿಂದ ಸದರಿ ವರ್ಗಾವಣೆ ಆದೇಶವು ಚೆನ್ನಾಗಿ ಟೈಪಾಗಿರುವ ಕಾರಣದಿಂದಲೇ ಅಸಿಂಧುವಾಗಿದೆ ಎಂದು ಈ ಮೂಲಕ ಘೋಷಿಸಲಾಗಿದೆ. ಕೆಟ್ಟದಾಗಿ ಟೈಪಾಗಿದ್ದರೆ ಜಾರಿಗೆ ಬರುತ್ತಿತ್ತು. ಮುಂದೆ ಯಾರನ್ನಾದರೂ ಇದೇ ಕಾರಣಕ್ಕೆ ವರ್ಗಾಯಿಸಬೇಕೆಂದರೂ ಇದೇ ವಿಧಾನವನ್ನು ಅನುಸರಿಸತಕ್ಕದ್ದು.

೧೨. ಇನ್ನು ಮುಂದೆ ನೆಲ ನಡುಗಿದಾಗ ಟೈಪು ಬರುವವರೂ ಬಾರದವರೂ ಎರಡೂ ಕೈಗಳನ್ನು ಮೇಲೆತ್ತಿ ಹಿಡಿಯತಕ್ಕದ್ದು. ಸೆರಗು ಇರುವವರು ಸೆರಗು ಹಿಡಿಯಬಹುದು. ಇದರ ಅಭ್ಯಾಸ ನಡೆಯುತ್ತಿದ್ದಾಗ ಒಳಬಂದ ಮೈಸೂರು ಮೈನ್ಸ್ ಗಣಿಯ ಕಡೆಯ ನಿವೃತ್ತರೊಬ್ಬರು, ಎಲ್ಲರೂ ಕೈ ಎತ್ತಿರುವುದನ್ನು ಕಂಡು ತಾವೂ ಎತ್ತಿ, ಬಂದ ಕೆಲಸ ಮರೆತು ಹಾಗೆಯೇ ಹೊರಟುಹೋಗಿದ್ದಾರೆ. ಅವರು ಕೈ ಇಳಿಸಬಹುದೆಂದು ತಿಳಿಸಲಾಗಿದೆ.

೧೩. ಈ ಸುತ್ತೋಲೆಯನ್ನು ಶ್ರೀಮತಿ ವೆಂಕಟರತ್ನಮ್ಮನವರೇ ಹೊಸ ಆವೃತ್ತಿಯಲ್ಲಿ ಟೈಪು ಮಾಡಿರುತ್ತಾರೆ. ಐದನೆಯ ನಿಯಮದ ಹೊತ್ತಿಗೆ ನೆಲ ನಡುಗಿತು. ಸುತ್ತೋಲೆ ತಮ್ಮ ಕೈಯಲ್ಲಿರುವುದೇ ಅವರ ಪ್ರಗತಿಗೆ ಸಾಕ್ಷಿ.

ಸಹಿ/-
ಆಡಳಿತಾಧಿಕಾರಿ (ಪ್ರಭಾರ)
(ಮೇಲಿನಿಂದ ಕೆಳಗಿನವರೆಗೆ ಓದಿ ಸಹಿ ಮಾಡಲಾಗಿದೆ)

ಪ್ರತಿಗಳು:
೧. ಶ್ರೀ ಕೋದಂಡಪ್ಪ, ಅಧೀಕ್ಷಕರು. ಎಡಕ್ಕೆ ಬಾಗಿದ ಬಾಣವನ್ನು ಒತ್ತಿದರೆ ಅಳಿಸಿಹೋದದ್ದೆಲ್ಲ ವಾಪಸು ಬರುತ್ತದೆಂದು ತಜ್ಞರು ಈಗ ಫೋನಿನಲ್ಲಿ ತಿಳಿಸಿರುತ್ತಾರೆ. ತಾವು ಅದನ್ನು ಇಷ್ಟು ದಿನ ಭದ್ರವಾಗಿ ಕಾಪಾಡಿದ್ದಕ್ಕೆ ವಂದನೆಗಳು.
೨. ಶ್ರೀಮತಿ ವೆಂಕಟರತ್ನಮ್ಮ. ಟೈಪು ಮಾಡುವಾಗಲೇ ಓದಿಕೊಂಡಿರುವುದರಿಂದ ಪ್ರತ್ಯೇಕ ಪ್ರತಿ ಇಲ್ಲ.
೩. ಶ್ರೀ ಆರುಮುಗಂ, ಸೂಚನಾ ಫಲಕಕ್ಕೆ ಅಂಟಿಸಲು, ಮತ್ತು ಹಿರಿಯ ಟೈಪಿಸ್ಟರಿಗೆ ಟೀ ಕೊಡುವುದನ್ನು ಪುನರಾರಂಭಿಸಲು.
೪. ಕ್ಯಾಸಂಬಳ್ಳಿಯ ಹಾಲಿನ ಡೈರಿ, ಮಾಹಿತಿಗಾಗಿ.
೫. ಮೌಸಿನ ಕೆಳಗಿನ ಕಡತಕ್ಕೆ, ದಪ್ಪಕ್ಕಾಗಿ.
೬. ಬಂಗಾರಪೇಟೆ ಶಾಖೆ. 'ಸ' ಆದೇಶವನ್ನು ಹಿಂಪಡೆಯಲಾಗಿದೆ. ಅದರಂತೆ ತಾವು ಕೈಗೊಂಡ ಕ್ರಮ ಯಾವುದೆಂಬುದನ್ನು ಹಿಂತಿರುಗುವ ಟಪಾಲಿನಲ್ಲಿ ತಿಳಿಸುವುದು.