ಗಡಸುತನ ವಾಪಸಾತಿ

ಹಳಿಯಾಳದ ನಮ್ಮ ಸರ್ಕಾರಿ ವಸತಿಗೃಹದ ಬಾವಿಯ ನೀರು ಗಡಸು ಎಂಬುದನ್ನು ಇಲಾಖೆಯು ೧೯೮೨ರಲ್ಲಿ ಅಧಿಕೃತವಾಗಿ ಒಪ್ಪಿಕೊಂಡಿತು. ಅಲ್ಲಿಯವರೆಗೆ ಆ ನೀರಿನಲ್ಲಿ ಬೇಳೆ ಬೇಯದಿರುವುದು ಹೆಂಗಸರ ವೈಯಕ್ತಿಕ ಅಭಿಪ್ರಾಯವಾಗಿತ್ತು.

ಅಲ್ಲಿನ ಇಂಜಿನಿಯರ್ ನಾನೇ. ನನ್ನ ಹೆಂಡತಿ ಶಂಕ್ರವ್ವ ಎಷ್ಟು ದೂರಿದರೂ ನನಗೆ ಆಧಾರ ಸಾಲದೆನಿಸಿತ್ತು. ಆದರೆ ಮೇಲಧಿಕಾರಿ ಚನಬಸಪ್ಪನವರ ಪತ್ನಿ ಒಮ್ಮೆ ನಮ್ಮಲ್ಲಿ ತಂಗಿ, ತಲೆಗೆ ಎರೆದುಕೊಂಡು, ಕೂದಲು ಜಡೆಗಟ್ಟಿಸಿಕೊಂಡು ಧಾರವಾಡಕ್ಕೆ ಮರಳಿದರು. ಆ ತಿಂಗಳೇ ಮುಂಬಯಿಯಿಂದ ನೀರು ಮೆದು ಮಾಡುವ ಯಂತ್ರ ಬಂತು.

ಯಂತ್ರವೆಂದರೆ ಆಳೆತ್ತರದ ಒಂದು ಟಾಕಿ, ಅದರೊಳಗೆ ಸಾಸಿವೆಯಷ್ಟು ಸಣ್ಣ ಹಳದಿ ಮಣಿಗಳು. ನೀರಿನಲ್ಲಿ ಕರಗಿದ ಸುಣ್ಣವನ್ನು ಮಣಿಗಳು ಹಿಡಿದುಕೊಂಡು, ಬದಲಿಗೆ ತಮ್ಮಲ್ಲಿದ್ದ ಉಪ್ಪಿನ ಅಂಶವನ್ನು ಬಿಟ್ಟುಕೊಡುತ್ತವೆ. ಹಿಡಿದು ಹಿಡಿದು ತುಂಬಿಹೋದಾಗ ಯಂತ್ರ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ಮೊದಲು ನೀರು ಕೆಳಗಿನಿಂದ ನುಗ್ಗಿ ಮಣಿಗಳನ್ನು ಕೆದರುತ್ತದೆ. ಆಮೇಲೆ ಪಕ್ಕದ ಪೀಪಾಯಿಯ ಗಟ್ಟಿ ಉಪ್ಪುನೀರು ಹರಿದು ಸುಣ್ಣವನ್ನು ಬಿಡಿಸುತ್ತದೆ. ಕಡೆಗೆ ಬರೀ ನೀರು ಬಂದು ಉಪ್ಪನ್ನು ಜಾಲಾಡುತ್ತದೆ. ಹೊಲಸೆಲ್ಲ ಗಟಾರಕ್ಕೆ. ಇದನ್ನು ನಾನು ಬಂದವರಿಗೆಲ್ಲ ನಾನೇ ಕಂಡುಹಿಡಿದವನಂತೆ ವಿವರಿಸುತ್ತಿದ್ದೆ. ಹಾಲು ಹಾಕುವವನು ಕೊನೆಗೆ ಹಿತ್ತಿಲ ಬಾಗಿಲಿಗೆ ಬರತೊಡಗಿದ.

ಬೇಳೆ ಬೆಂದಿತು. ಸಾಬೂನು ನೊರೆ ಬಂತು. ಶಂಕ್ರವ್ವ ನನ್ನೊಂದಿಗೆ ಎಂದಿಲ್ಲದ ಮರ್ಯಾದೆಯಿಂದ ಮಾತಾಡಿದಳು.

ಮಳೆಗಾಲ ಮುಗಿದ ಮೇಲೆ ಚನಬಸಪ್ಪನವರು ತಪಾಸಣೆಗೆ ಬಂದರು. ಗಟಾರದ ದಂಡೆಯ ಮೇಲೆ ಬಿಳಿಯ ಪೊರೆ ಕಂಡು ಅದೇನೆಂದು ಕೇಳಿದರು. ನೀರಿನಿಂದ ತೆಗೆದ ಗಡಸುತನ ಎಂದೆ.

"ನೀರು ಯಾರದು?"

"ಸರ್ಕಾರದ್ದು, ಸರ್."

"ಹಂಗಾದ್ರ ಗಡಸುತನ ಯಾರದು?"

ಉತ್ತರವನ್ನು ನಾನು ಆದೇಶದ ರೂಪದಲ್ಲಿ ಬರೆದೆ. 'ಸರ್ಕಾರಿ ಬಾವಿಯಿಂದ ಹೊರತೆಗೆದ ಗಡಸುತನವನ್ನು, ವಿಲೇವಾರಿಗೆ ಮಂಜೂರಾತಿ ದೊರೆಯುವವರೆಗೆ, ಮೂಲಸ್ಥಾನಕ್ಕೇ ಹಿಂತಿರುಗಿಸತಕ್ಕದ್ದು.' ಅಷ್ಟು ಚೆಂದದ ವಾಕ್ಯವನ್ನು ನಾನು ಅದಕ್ಕೆ ಮೊದಲು ಬರೆದಿರಲಿಲ್ಲ. ಶಂಕ್ರವ್ವನಿಗೂ ಓದಿ ಹೇಳಿದೆ. ಅವಳು ಎದ್ದುಹೋಗಿ, ಇದ್ದ ಪಾತ್ರೆಗಳಿಗೆಲ್ಲ ನೀರು ತುಂಬಿಟ್ಟುಕೊಂಡಳು. ಮರುದಿನ ಗಟಾರದ ಪೈಪನ್ನು ಬಾವಿಗೆ ತಿರುಗಿಸಲಾಯಿತು.

ಅದೇ ಬಾವಿಯಿಂದ ಹಿಂದಿನ ಓಣಿಯ ಸಿದ್ದಿ ಮನೆಗಳವರೂ ನೀರು ಸೇದುತ್ತಿದ್ದರು. ಕೆಲವು ವಾರ ಕಳೆದು ಆ ಓಣಿಯ ಜುಲಿಯಾನಾ ತುಂಬಿದ ಕೊಡದೊಂದಿಗೆ ಬಂದು, ಒಂದು ಲೋಟ ಬಗ್ಗಿಸಿ ನನ್ನ ಮುಂದಿಟ್ಟಳು. ಕುಡಿದೆ. ಸಮುದ್ರ ನೆನಪಾಯಿತು.

"ಕೂಸು ಕುಡದದ್ದೆಲ್ಲಾ ಕಾರಕೋತೈತ್ರಿ, ಸಾಹೇಬ್ರ," ಎಂದಳು. "ನಿಮ್ಮ ಮಷೀನು ತೊಳಕೊಳ್ಳಾಕತ್ತೈತಿ. ನಾವು ಕುಡಿಯೂದೇನು?"

ಪೈಪನ್ನು ಮತ್ತೆ ಗಟಾರಕ್ಕೆ ತಿರುಗಿಸಲು, ನಟ್ಟು ಬಿಚ್ಚುವ ಒಂದು ಪಾನಾ ಸಾಕಿತ್ತು. ಪಾನಾ ಹಿಡಿದು ಬಾವಿಯವರೆಗೆ ಹೋದೆನು ಕೂಡ. ಆದರೆ ಆದೇಶದ ಕೆಳಗೆ ಇದ್ದದ್ದು ನನ್ನದೇ ಸಹಿ. ಅದನ್ನು ಉಲ್ಲಂಘಿಸಿದರೆ ನನ್ನ ಮೇಲೆ ನಾನೇ ಕ್ರಮ ಜರುಗಿಸಬೇಕಾಗುತ್ತಿತ್ತು. ಆದ್ದರಿಂದ ಒಂದು ಸಮಿತಿ ಬೇಡಿ ಮೇಲಕ್ಕೆ ಬರೆದೆ.

ಸಮಿತಿ ಬಂತು. ಸದಸ್ಯರು ತಾವು ತಂದಿದ್ದ ಸೋಡಾ ಕುಡಿದು ಬಾವಿಯನ್ನು ಪರಿಶೀಲಿಸಿದರು. ಯಂತ್ರದಲ್ಲಿ ದೋಷವಿಲ್ಲ, ಬಾವಿಯೇ ಯಂತ್ರಕ್ಕೆ ಇನ್ನೂ ಹೊಂದಿಕೊಂಡಿಲ್ಲ, ಆದಕಾರಣ ಯಂತ್ರವನ್ನು ಇನ್ನೂ ಹೆಚ್ಚು ಸಲ ತೊಳೆಯತಕ್ಕದ್ದು ಎಂದು ವರದಿ ಕೊಟ್ಟರು. ತೊಳೆದಷ್ಟೂ ಬಾವಿ ಕೆಟ್ಟಿತು, ಬಾವಿ ಕೆಟ್ಟಷ್ಟೂ ತೊಳೆಯಬೇಕಾಯಿತು. ಬೇಸಿಗೆಯ ಹೊತ್ತಿಗೆ ಯಂತ್ರ ತನ್ನನ್ನು ತೊಳೆದುಕೊಳ್ಳುವುದನ್ನು ಬಿಟ್ಟು ಬೇರೆ ಕೆಲಸ ಮಾಡುತ್ತಿರಲಿಲ್ಲ. ಮನೆಗೆ ಹನಿ ನೀರೂ ಬರುತ್ತಿರಲಿಲ್ಲ. ಬಾವಿಗೆ ಬೇಲಿ ಹಾಕಿ, ಇಲಾಖೆಯ ಗಡಸುತನವನ್ನು ಯಾರೂ ಸೇದಿಕೊಂಡು ಹೋಗದಂತೆ ಅಡಿವೆಯ್ಯನೆಂಬ ಕಾವಲುಗಾರನನ್ನು ನೇಮಿಸಲಾಯಿತು.

ಓಣಿಯವರು ಗದ್ದೆಯಾಚೆಯ ಹಳ್ಳಕ್ಕೆ ನಡೆದರು. ಜುಲಿಯಾನಾಳ ಕೂಸು ಚೇತರಿಸಿಕೊಂಡಿತು. ಶಂಕ್ರವ್ವನೂ ಅವರ ಹಿಂದೆ ಹೋದಳು. ಸ್ವಲ್ಪ ದಿನಕ್ಕೆ, ಕತ್ತಲಾದ ಮೇಲೆ ಎಂಬ ಷರತ್ತಿನೊಂದಿಗೆ, ನಾನೂ ಹೋದೆ. ಆಮೇಲೆ ಷರತ್ತು ಬಿಟ್ಟುಹೋಯಿತು, ಅಡಿವೆಯ್ಯನೂ ಕಾವಲು ಬಿಟ್ಟು ಬಂದು ಸರತಿಯಲ್ಲಿ ನಿಲ್ಲುತ್ತಿದ್ದ. ಮುಂದಿನ ತಪಾಸಣೆಯಲ್ಲಿ ಚನಬಸಪ್ಪನವರು ಯಂತ್ರವನ್ನು ಮುಟ್ಟಿ ನೋಡಿ, ಇಡೀ ಜಿಲ್ಲೆಯಲ್ಲಿ ಇಷ್ಟು ಸ್ವಚ್ಛ ಯಂತ್ರ ಇನ್ನೊಂದಿಲ್ಲ ಎಂದು ಬರೆದರು. ನನಗೆ ಬಡ್ತಿ ಸಿಕ್ಕಿತು. ಅವರ ಜೀಪು ಹೋಗುವಾಗ ಹಳ್ಳದ ಬಳಿ ನಿಂತು ಎರಡು ಡಬ್ಬಿ ತುಂಬಿಸಿಕೊಂಡಿತು.

ಅವತ್ತು ಸಂಜೆ ಸರತಿಯಲ್ಲಿ ಜುಲಿಯಾನಾ ನನ್ನ ಮುಂದಿದ್ದಳು. ಕೊಡ ತುಂಬಿ ಸೊಂಟಕ್ಕೇರಿಸಿ, ಹೋಗದೆ ನಿಂತಳು.

"ಸಾಹೇಬ್ರ, ಈ ಹಳ್ಳದ ನೀರು ಹೆಂಗೈತ್ರಿ? ಗಡಸೋ, ಮೆದುವೋ?"

ಉಳಿದವರೂ ಕೊಡ ಕೆಳಗಿಟ್ಟು ನನ್ನತ್ತ ನೋಡಿದರು. ಈ ಬಗ್ಗೆ ಇಲಾಖೆಯು ಇನ್ನೂ ಪರೀಕ್ಷೆ ನಡೆಸಿಲ್ಲವೆಂದು ತಿಳಿಸಿದೆ.

"ನಡಸಬ್ಯಾಡ್ರಿ," ಎಂದಳು.

ಎಲ್ಲರೂ ಒಪ್ಪಿದರು. ಶಂಕ್ರವ್ವ ಮೊದಲು ಒಪ್ಪಿದಳು. ನಾನು ನನ್ನ ಕೊಡವನ್ನು ನೀರಿಗೆ ಅದ್ದಿದೆ.